ಕನಸಿನ ಭಟ್ಟಿಗೊಂದು ಭೋಂಗಾ

ವಾಡಿ ಜಂಕ್ಷನ್ನಿನಲ್ಲಿ ಗಾಡಿ ತಡವಾಗುವುದು ಹೊಸದೇನಲ್ಲ. ಅವತ್ತೂ ತಡವಿತ್ತು. ಕಲ್ಲುಬೆಂಚಿನ ಮೇಲೆ ಚಹಾ ಹಿಡಿದು ಕುಳಿತಿದ್ದೆ. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದ ಹಳೆಯ ಗೆಳೆಯನೊಬ್ಬ ಎಲ್ಲಿಂದಲೋ ಬಂದು ಪಕ್ಕದಲ್ಲಿ ಕುಳಿತವನು, "ನಿಮಗ ಗೊತ್ತಾತೇನ್ರಿ, ನಮ್ಮ ಆಪಾ ತೀರಿಹೋದ್ರಂತ, ಚಿತ್ತಾಪುರದಾಗ" ಎಂದ. ಆ ಉರಿಬಿಸಿಲಿನಲ್ಲಿ ನನ್ನ ಮೊಣಕೈಗಳಿಗೆ ಥಂಡಿ ಹತ್ತಿದಂತಾಯಿತು. ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ; ಕಾರ್ಖಾನೆಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ನನಗೆ ಮಾತ್ರ ಆಪಾ ಎಂದರೆ ಮೊದಲು ನೆನಪಾಗುವುದು ಥಂಡಿ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕೆಲಸಕ್ಕಿದ್ದ ಸಿಮೆಂಟ್ ಕಾರ್ಖಾನೆಗೆ ಸುಣ್ಣಕಲ್ಲು ಸುಡುವ ಭಟ್ಟಿಯನ್ನು ನೋಡಿಕೊಳ್ಳಲೆಂದು ಕಂಪ್ಯೂಟರ್ ಬಂತು. ಆಳೆತ್ತರದ ಎರಡು ಅಲಮಾರಿ, ಟಕಟಕ ಬಡಿಯುವ ಒಂದು ಪ್ರಿಂಟರ್, ಅವುಗಳಿಗಾಗಿ ಗಾಜಿನ ಕಿಟಕಿಯ ಒಂದು ಕೋಣೆ. ಇಡೀ ಊರಿಗೆ ತಂಪಾದ ಕೋಣೆ ಅದೊಂದೇ. ಹೊರಗೆ ಸಿಮೆಂಟ್ ಧೂಳಿಗೆ ಬೇವಿನ ಮರವೂ ಬಿಳಿ, ಕಾಗೆಯೂ ಅರ್ಧ ಬಿಳಿ. ಒಳಗೆ ಧೂಳಿಲ್ಲ, ಬಿಸಿಲಿಲ್ಲ, ಗದ್ದಲವಿಲ್ಲ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಹೊತ್ತು ಎಷ್ಟಾಯಿತೆಂದೇ ತಿಳಿಯುತ್ತಿರಲಿಲ್ಲ. ಎಷ್ಟೋ ಮಂದಿ ಏನಾದರೂ ನೆಪ ಹೇಳಿಕೊಂಡು ಬಂದು ಆ ಗಾಜಿಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದರು. ಈಗಲೂ ನನಗೆ ಆ ಕೋಣೆಯ ಕನಸು ಬೀಳುತ್ತದೆ. ಅದರಲ್ಲಿ ಆ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಿದ್ದ ಆಪಾ ಇರುತ್ತಾರೆ, ಕಣ್ಣು ಮುಚ್ಚಿಕೊಂಡು.

ಅವರು ಯಾವಾಗಲೂ ಹಾಗೇ ಕೂಡುತ್ತಿದ್ದರು. ಕುರ್ಚಿಯಲ್ಲಿ ಕಾಲು ಮಡಚಿ, ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ, ಕಣ್ಣು ಮುಚ್ಚಿ. ಹೊಸಬರು ನಿದ್ದೆ ಹೋಗಿದ್ದಾರೆಂದು ತಿಳಿಯುತ್ತಿದ್ದರು. ನಾನೂ ಮೊದಲ ವಾರ ಹಾಗೇ ತಿಳಿದು, ಸ್ವಲ್ಪ ಕೊಂಕಾಗಿಯೇ, "ನಿದ್ದಿ ಹತ್ತಿತೇನ್ರಿ ಆಪಾ?" ಎಂದು ಕೇಳಿದ್ದೆ.

"ಇಲ್ರಿ. ಪ್ರೋಗ್ರಾಂ ಓಡಿಸಿ ನೋಡ್ಲಿಕತ್ತೀನಿ. ಜರಾ ಸುಮ್ಮ ಕುಂದ್ರಿ" ಎಂದರು, ಕಣ್ಣು ತೆರೆಯದೆ. ತಲೆಯೊಳಗೇ ಓಡಿಸುತ್ತಿದ್ದರು. ನನ್ನದು ಉಪಕರಣಗಳ ವಿಭಾಗ. ಭಟ್ಟಿಯ ಮೈಗೆ ತಾಪಮಾಪಕ ಹಚ್ಚಿ, ಅದರಿಂದ ಅವರ ಅಲಮಾರಿಯ ತನಕ ತಂತಿ ಎಳೆಯುವುದು ನನ್ನ ಕೆಲಸ. ತಂತಿ ಮುಟ್ಟಿ ನೋಡಬಹುದು. ಅವರ ಕೆಲಸ ಮುಟ್ಟಲು ಸಿಗುವಂಥದ್ದಲ್ಲ. ಅದಕ್ಕೇ ನನಗೆ ಅವರ ಮೇಲೆ ಬಹಳ ದಿನ ಒಂದು ಬಗೆಯ ಅನುಮಾನವಿತ್ತು.

ಅವರದು ಚಿತ್ತಾಪುರದ ಹಳೆಯ ಮನೆತನ. ತಂದೆಗೆ ಕಲಾಯಿ ಅಂಗಡಿ. ಸುತ್ತಲ ಹಳ್ಳಿಗಳ ಹಿತ್ತಾಳೆ ಪಾತ್ರೆಗಳೆಲ್ಲ ಒಮ್ಮೆಯಾದರೂ ಅವರ ತಿದಿಯ ಮುಂದೆ ಕುಳಿತು ಎದ್ದು ಹೋಗಿದ್ದವು. ಆಪಾ ಗುಲಬರ್ಗಾದಲ್ಲಿ ಗಣಿತ ಓದಿ, ಹೈದರಾಬಾದಿನಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದರು. ಆದರೆ ಮಾತಿಗೆ ಮುಂಚೆ ತಂದೆಯ ಅಂಗಡಿ ಬರುತ್ತಿತ್ತು. ಕಲಾಯಿ ಹಾಕಿ ಮುಗಿಸಿದ ಮೇಲೆ ತಂದೆ ಪಾತ್ರೆಯ ಹೊಳಪು ನೋಡುತ್ತಿರಲಿಲ್ಲವಂತೆ. ಮೊದಲು ಅದರ ತುಂಬ ನೀರು ಹಾಕಿ ಒಣ ಕಲ್ಲಿನ ಮೇಲೆ ಇಟ್ಟು, ಬೇರೆ ಪಾತ್ರೆಗೆ ಕೈ ಹಾಕುತ್ತಿದ್ದರಂತೆ. ಸ್ವಲ್ಪ ಹೊತ್ತಿನ ಮೇಲೆ ಎತ್ತಿ ಕಲ್ಲನ್ನು ನೋಡುವುದು.

"ನಮ್ಮ ಅಬ್ಬಾ ಏನಂತಿದ್ರು ಗೊತ್ತದೇನ್ರಿ? ಬರುವಾಗ ಸೋರ್ತಿದ್ದಿಲ್ಲ, ಹೋಗುವಾಗ ಸೋರಬಾರ್ದು. ಹೊಳಪು ಆಮ್ಯಾಲ."

ಈ ಒಂದು ಮಾತನ್ನು ಅವರು ಕಂಪ್ಯೂಟರಿಗೂ ಹಚ್ಚಿದರು, ವಾಡಿಯ ಬಸ್ಸಿಗೂ ಹಚ್ಚಿದರು. ಹೊಸ ವೇಳಾಪಟ್ಟಿ ಬಂದು ಗುಂಡಗುರ್ತಿಯ ಬಸ್ಸು ಮೊದಲಿನಂತೆ ಸಂಜೆ ನಿಲ್ಲದಿದ್ದರೆ ಡಿಪೋದವನ ಮುಂದೆ ನಿಂತು, "ನಿನ್ನೆ ತನಕ ಆಗ್ತಿತ್ತಲ್ರಿ ಭಾಯಿ, ಇವತ್ತ ಯಾಕ ಆಗವಲ್ದು?" ಎಂದು ಮೆತ್ತಗೆ ಕೇಳುವರು. ಹೊಸ ವೇಳಾಪಟ್ಟಿ ಎಷ್ಟು ಚಂದ ಎಂದು ಅವನು ಹೇಳುತ್ತಿದ್ದರೆ, ಎಲ್ಲ ಕೇಳಿ ಮತ್ತೆ ಅದೇ ಪ್ರಶ್ನೆ. ನಾನಾಗಿದ್ದರೆ ಮೈ ಉರಿದು ಜಗಳಕ್ಕೆ ನಿಲ್ಲುತ್ತಿದ್ದೆ. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿಲ್ಲ. ಅವರ ಆ ಮೆತ್ತನೆಯ ಪ್ರಶ್ನೆಗಿಂತ ಸಿಟ್ಟೇ ವಾಸಿ ಎಂದು ಡಿಪೋದವನಿಗೆ ಅನಿಸಿರಬೇಕು.

ಅವರ ನಿಜವಾದ ಕೆಲಸ ಕಂಪ್ಯೂಟರಿನ ತಿರುಳನ್ನು ನೋಡಿಕೊಳ್ಳುವುದು. ಯಂತ್ರದೊಳಗೆ ಹತ್ತಾರು ಕೆಲಸಗಳು ಒಟ್ಟಿಗೇ ನಡೆಯುತ್ತವೆ. ತಾಪ ಓದುವುದು, ಕಲ್ಲಿದ್ದಲು ಹೆಚ್ಚು ಕಡಿಮೆ ಮಾಡುವುದು, ವರದಿ ಬರೆಯುವುದು. ಇವೆಲ್ಲದರ ನಡುವೆ ಕುಳಿತು, ಈಗ ಯಾರ ಮಾತು ಕೇಳಬೇಕು, ಯಾರನ್ನು ಬಾಗಿಲಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವ ಒಂದು ಪ್ರೋಗ್ರಾಂ ಇರುತ್ತದೆ. ಅದಕ್ಕೆ ಕರ್ನಲ್ ಎನ್ನುತ್ತಾರೆ. ಆಪಾ ಅದನ್ನು ಜೋಳದ ಕಾಳಿಗೆ ಹೇಳುವಂತೆ ತಿರುಳು ಎಂದೇ ಹೇಳುತ್ತಿದ್ದರು. ಅದನ್ನು ಆಗಾಗ ತಿದ್ದಬೇಕಾಗುತ್ತಿತ್ತು. ತಿದ್ದಿದ ಪ್ರತಿ ಆವೃತ್ತಿಗೂ ಅವರು ನಂಬರು ಹಾಕದೆ ರೈಲು ನಿಲ್ದಾಣದ ಹೆಸರಿಡುತ್ತಿದ್ದರು. ಮೊದಲು ಬಂದದ್ದು ವಾಡಿ. ಆಮೇಲೆ ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು. ಒಂದೊಂದನ್ನೂ ಒಂದೊಂದು ಟೇಪಿನಲ್ಲಿ ಬರೆದು ಸಾಲಾಗಿ ಜೋಡಿಸಿಟ್ಟಿದ್ದರು. ಹಳೆಯದನ್ನು ಅಳಿಸಿ ಟೇಪು ಉಳಿಸಬಾರದೇ ಎಂದು ಯಾರಾದರೂ ಕೇಳಿದರೆ, "ಹಿಂದಿನ ಸ್ಟೇಷನ್ ಕಿತ್ತಿ ಒಗದ್ರ, ವಾಪಸ್ ಹೋಗಬೇಕಾದಾಗ ಎಲ್ಲಿ ಇಳೀತೀರಿ?" ಎನ್ನುವರು.

ಎರಡು ಅಲಮಾರಿಗಳಲ್ಲಿ ಒಂದು ಭಟ್ಟಿಯನ್ನು ನಡೆಸುತ್ತಿತ್ತು. ಇನ್ನೊಂದು, ಮೊದಲಿನದು ಕೆಟ್ಟರೆ ಇರಲಿ ಎಂದು ಕೊಟ್ಟದ್ದು, ಸುಮ್ಮನೆ ನಿಂತಿರುತ್ತಿತ್ತು. ಅದರೊಳಗೆ ಆಪಾ ಒಂದು ವಿಚಿತ್ರ ಕಟ್ಟಿದ್ದರು. ಯಂತ್ರದ ಹೊಟ್ಟೆಯಲ್ಲಿ ಇನ್ನೊಂದು ಯಂತ್ರ, ಆ ಯಂತ್ರಕ್ಕೊಂದು ಭಟ್ಟಿ, ಭಟ್ಟಿಯಲ್ಲಿ ಬೆಂಕಿ. ಎಲ್ಲವೂ ಬರೀ ಲೆಕ್ಕ. ಹೊಸ ತಿರುಳನ್ನು ಮೊದಲು ಅಲ್ಲಿ ಓಡಿಸುವರು. ತಾನು ನಿಜವಾದ ಯಂತ್ರದ ಮೇಲೆ ಇದ್ದೇನೆಂದೇ ಅದು ತಿಳಿದು, ಇಲ್ಲದ ಭಟ್ಟಿಗೆ ಇಲ್ಲದ ಕಲ್ಲಿದ್ದಲು ಹಾಕುತ್ತ ನಿಷ್ಠೆಯಿಂದ ದುಡಿಯುತ್ತಿತ್ತು.

"ಅದಕ ಕನಸು ಬಿದ್ದದ. ಎಬ್ಬಿಸಬ್ಯಾಡ್ರಿ" ಎಂದು ನನಗೆ ಪಿಸುಮಾತಿನಲ್ಲಿ ಹೇಳುವರು, ನಿಜಕ್ಕೂ ಯಾರೋ ಮಲಗಿದ್ದಾರೆಂಬಂತೆ. ಆ ಮಧ್ಯಾಹ್ನಗಳಲ್ಲಿ, ಹೊರಗೆ ಧೂಳಿನ ಬಿಸಿಲು, ದೂರದಲ್ಲಿ ಸಿಕಂದರಾಬಾದಿನ ಕಡೆ ಹೋಗುವ ಗಾಡಿಯ ಸದ್ದು, ಒಳಗೆ ಅಲಮಾರಿಯ ಗುಂಯ್ ಎನ್ನುವ ದನಿ, ಕಣ್ಣು ಮುಚ್ಚಿದ ಆಪಾ. ಕನಸು ಯಾರಿಗೆ ಬಿದ್ದಿದೆ, ಎಚ್ಚರ ಇರುವವರು ಯಾರು ಎಂದು ನನಗೇ ಗೊಂದಲವಾಗುತ್ತಿತ್ತು. ಚಿಕ್ಕಂದಿನಲ್ಲಿ ತಾನು ಎದ್ದೆನೆಂದು ಕನಸು ಕಂಡು, ಕನಸಿನಲ್ಲೇ ಮುಖ ತೊಳೆದು, ಕನಸಿನಲ್ಲೇ ಶಾಲೆಗೆ ಹೋಗಿ, ಅಮ್ಮನ ಕೈಲಿ ಬೈಸಿಕೊಂಡು ಮತ್ತೆ ಏಳುತ್ತಿದ್ದೆ ಎಂದು ಆಪಾ ಒಮ್ಮೆ ಹೇಳಿದ್ದರು.

ಇನ್ನೊಂದು ಹೇಳಬೇಕು. ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಒಂದು ಬೇಸಿಗೆ ಕೊನೆಯ ಮನೆಗಳಿಗೆ ನೀರು ಬರುವುದು ನಿಂತುಹೋಯಿತು. ಪೈಪಿನವನು ಟ್ಯಾಂಕಿನ ಬುಡದಿಂದ ಅಗೆಯಲು ಹೊರಟ. ಆಪಾ ಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕುಳಿತವರು, "ಆ ತುದಿ ಬಿಡ್ರಿ. ನಡುವಿನ ಮನಿ ಮುಂದ ಅಗೀರಿ. ಅಲ್ಲಿ ನೀರು ಇದ್ರ ತೊಡಕು ಈ ಕಡೆ, ಇಲ್ಲಂದ್ರ ಆ ಕಡೆ. ಆಮ್ಯಾಲ ಮತ್ತ ಅದರ ನಡುವ" ಎಂದರು. ಪೈಪಿನವನು ಅವರನ್ನು ಒಂದು ತರಹ ನೋಡಿದ. ಊಟದ ಹೊತ್ತಿಗೆ ನೀರು ಬಂತು. ಅದಾದ ಮೇಲೆ ನಮ್ಮ ಸಾಲಿನ ಹೆಂಗಸರು ಕಳೆದ ಬೀಗದ ಕೈಯನ್ನೂ ಮನೆಯ ನಡುವಿನಿಂದ ಹುಡುಕಲು ಶುರುಮಾಡಿದರು. ಅದು ಯಾವತ್ತೂ ಸಿಗಲಿಲ್ಲ ಎಂಬುದು ಬೇರೆ ಮಾತು.

ಈಗ ಮಾಣಿಕಪ್ಪನ ವಿಷಯಕ್ಕೆ ಬರುತ್ತೇನೆ. ಭಟ್ಟಿಯ ಬೆಂಕಿ ನೋಡುವವರಿಗೆ ಬರ್ನರ್ ಎನ್ನುತ್ತಾರೆ. ನೀಲಿ ಗಾಜಿನ ಮೂಲಕ ಬೆಂಕಿಯ ಬಣ್ಣ ನೋಡಿ ಕಲ್ಲಿದ್ದಲಿನ ಗುಂಡಿ ಒತ್ತುವುದು ಅವರ ಕೆಲಸ. ಗುಂಡಿಯ ಮಾತು ಕಂಪ್ಯೂಟರಿಗೆ ಹೋಗಿ, ಅದು ಕಲ್ಲಿದ್ದಲು ಏರಿಸಿ ಇಳಿಸುತ್ತದೆ. ಮಾಣಿಕಪ್ಪ ಬರ್ನರುಗಳಲ್ಲಿ ಎಲ್ಲರಿಗಿಂತ ಹಿರಿಯ, ಗುಂಡಗುರ್ತಿಯವನು, ಹಟಮಾರಿ. ತಾನು ಮಾಡಿದ್ದೇ ಸರಿ ಎನ್ನುವ ಮನುಷ್ಯ. ನನಗೂ ಅವನಿಗೂ ಅಷ್ಟಕ್ಕಷ್ಟೇ.

ಒಂದು ವರ್ಷ ಭಟ್ಟಿ ಮೇಲಿಂದ ಮೇಲೆ ಕೆಡತೊಡಗಿತು. ಇದ್ದಕ್ಕಿದ್ದಂತೆ ಬೆಂಕಿ ಏರಿ, ಒಳಗಿನ ಇಟ್ಟಿಗೆ ಉದುರಿ, ಭಟ್ಟಿಯ ಮೈ ಒಂದು ಕಡೆ ಕೆಂಪಗಾಗುತ್ತಿತ್ತು. ಮೊದಮೊದಲು ಕಲ್ಲಿದ್ದಲು ಕೆಟ್ಟದ್ದು ಬಂದಿದೆ ಎಂದುಕೊಂಡರು. ಆಮೇಲೆ ಯಾರೋ ಗಮನಿಸಿದರು. ಪ್ರತಿ ಸಲವೂ ಇದಾಗುವುದು ಮಾಣಿಕಪ್ಪನ ಪಾಳಿ ಮುಗಿದ ಮೇಲೆ. ವರ್ಕ್ಸ್ ಮ್ಯಾನೇಜರು ಅವನನ್ನು ಕರೆಸಿದರು. ಆಪಾ ಮತ್ತು ನಾನು ಕೂಡ ಅಲ್ಲಿದ್ದೆವು.

"ಹೋಗುವಾಗ ಕಲ್ಲಿದ್ದಲು ಒಂದು ಮೆಟ್ಟಲು ಇಳಿಸೇ ಹೋಗೀನ್ರಿ ಸಾಹೇಬ" ಎಂದ ಮಾಣಿಕಪ್ಪ.

ಮ್ಯಾನೇಜರು ಕಂಪ್ಯೂಟರಿನ ವರದಿ ತೋರಿಸಿದರು. ಆ ಹೊತ್ತಿಗೆ ಗುಂಡಿ ಒತ್ತಿದ್ದೇ ಅದರಲ್ಲಿರಲಿಲ್ಲ. "ಒತ್ತಿದ್ರ ಇದರಾಗ ಬರತಿತ್ತು. ಯಂತ್ರಕ್ಕ ನಿನ್ನ ಮ್ಯಾಲ ಏನು ಹಗಿ ಅದ?"

"ನಾ ಒತ್ತೀನ್ರಿ. ಅದಕ ಕೇಳಿಸಿಲ್ಲ."

ಮ್ಯಾನೇಜರು ನಕ್ಕರು. ನಾನೂ ನಕ್ಕೆ. ಹೊಸ ತಿರುಳನ್ನು ಪರೀಕ್ಷಿಸಿದ್ದೀರಾ ಎಂದು ಮ್ಯಾನೇಜರು ಆಪಾ ಅವರನ್ನು ಕೇಳಿದಾಗ, ಅವರು ಇದ್ದದ್ದನ್ನೇ ಹೇಳಿದರು. ಕನಸಿನ ಭಟ್ಟಿಯಲ್ಲಿ ಎಲ್ಲವೂ ಸರಿಯಾಗಿ ನಡೆದಿತ್ತು. ಅಲ್ಲಿಗೆ ಮಾತು ಮುಗಿಯಿತು. ಮುಂದಿನ ತಿಂಗಳಿಂದ ಮಾಣಿಕಪ್ಪ ಭಟ್ಟಿ ಬಿಟ್ಟು ಪ್ಯಾಕಿಂಗಿನಲ್ಲಿ ಚೀಲ ಹೊಲಿಯಬೇಕು ಎಂದಾಯಿತು. ಬೆಂಕಿ ನೋಡಿದ ಮನುಷ್ಯನಿಗೆ ಅದು ಎಂಥ ಅವಮಾನವೆಂದು ವಾಡಿಯಲ್ಲಿ ಬದುಕಿದವರಿಗೆ ಗೊತ್ತು. ಹೊರಗೆ ಬಂದಾಗ ಅವನು ಆಪಾ ಅವರ ಮುಖ ನೋಡಲಿಲ್ಲ. ನೆಲ ನೋಡಿಕೊಂಡು, "ಆಪಾ, ನೀವೂ ಹಂಗೇ ಅಂದ್ರಿ" ಎಂದು ಹೋದ.

ಆ ಮಾತು ಅವರನ್ನು ಬಿಡಲಿಲ್ಲ. ಅವತ್ತು ತಂಪು ಕೋಣೆಯಲ್ಲಿ ಕಣ್ಣು ಮುಚ್ಚಿ, ದುಪಟ್ಟಾದ ತುದಿ ಬೆರಳಿಗೆ ಸುತ್ತುತ್ತ, "ಮೊದಲು ಹಿಂಗ ಆಗ್ತಿದ್ದಿಲ್ಲ. ಮಾಣಿಕಪ್ಪ ಕಾಕಾ ಬದಲಾಗಿಲ್ಲ. ಬೆಂಕಿ ಬದಲಾಗಿಲ್ಲ. ಬದಲು ಆದದ್ದು ನಮ್ಮದೊಂದೇ" ಎಂದರು. ಎದ್ದು ಹೋಗಿ ಮ್ಯಾನೇಜರನ್ನು ಮುಂದಿನ ಸಂತೆಯ ತನಕ ತಡೆಯಿರಿ ಎಂದು ಕೇಳಿಕೊಂಡು ಬಂದರು.

ಮರುದಿನ ಅವರು ತಲೆಗೆ ದುಪಟ್ಟಾ ಬಿಗಿದು ಬರ್ನರ್ ಕಟ್ಟೆಯ ಮೇಲೆ ಹೋಗಿ ಕುಳಿತರು. ಜೊತೆಗೆ ನಾನು, ಗೊಣಗುತ್ತ. ಆ ಝಳದಲ್ಲಿ ಕಣ್ಣು ಮುಚ್ಚಿ ತಲೆಯೊಳಗೆ ಪ್ರೋಗ್ರಾಂ ಓಡಿಸುವುದು ಸಾಧ್ಯವಿಲ್ಲ. ಅವರು ತೆರೆದ ಕಣ್ಣಿನಿಂದ ಅಷ್ಟು ಹೊತ್ತು ಏನನ್ನಾದರೂ ನೋಡಿದ್ದನ್ನು ನಾನು ಕಂಡದ್ದು ಅವತ್ತೇ. ಮಾಣಿಕಪ್ಪ ನಮ್ಮ ಕಡೆ ತಿರುಗಲೂ ಇಲ್ಲ. ಮಧ್ಯಾಹ್ನ ಪಾಳಿ ಬದಲಾಗುವ ಸೈರನ್ನು, ನಮ್ಮ ಕಡೆಯ ಭೋಂಗಾ, ಕೂಗಿತು. ಕೂಗುತ್ತಿದ್ದಂತೆಯೇ, ಅದರ ದನಿ ಇನ್ನೂ ಏರುತ್ತಿರುವಾಗಲೇ, ಅವನ ಕೈ ತಾನೇ ಹೋಗಿ ಗುಂಡಿ ಒತ್ತಿತು. ಆಮೇಲೆ ನೀಲಿ ಗಾಜನ್ನು ಅಂಗಿಯಿಂದ ಒರೆಸಿ ಮುಂದಿನವನಿಗೆ ಕೊಟ್ಟ.

"ಭೋಂಗಾಕ್ಕೇ ಯಾಕ ಒತ್ತಿದ್ರಿ ಕಾಕಾ?" ಎಂದು ಆಪಾ ಕೇಳಿದರು.

"ಮತ್ತ? ಬಿಸಿ ಬೆಂಕಿ ಯಾರಿಗೂ ಕೊಡಬಾರ್ದು. ಜರಾ ತಣ್ಣಗ ಮಾಡಿ ಕೊಡಬೇಕು. ಬಂದವ ಬುತ್ತಿ ಇಟ್ಟು, ಚಾ ಕುಡದು ಕುಂದ್ರೂತನಕ ಅದು ಸುಮ್ಮ ಇರಬೇಕು. ನಮ್ಮ ಉಸ್ತಾದ ಕಲಿಸ್ಯಾರ. ಈಗಿನವ್ರು ಯಾರೂ ಮಾಡಂಗಿಲ್ಲ, ನಾ ಬಿಟ್ಟಿಲ್ಲ."

ಕಂಪ್ಯೂಟರ್ ಬರುವ ಮೊದಲಿನ ಕಾಲದ ರೂಢಿ ಅದು. ಮಾಣಿಕಪ್ಪನಿಂದ ಪಾಳಿ ತೆಗೆದುಕೊಳ್ಳುವವರಿಗೂ ಅದು ಗೊತ್ತಿತ್ತು. ಅವನು ತಣ್ಣಗೆ ಮಾಡಿಯೇ ಹೋಗಿದ್ದಾನೆಂದು ನಂಬಿ ಅವರು ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿದ್ದರು. ಗುಂಡಿ ಕೇಳಿಸದೇ ಹೋದ ದಿನ ಆ ಚಹಾದ ಹೊತ್ತಿನಲ್ಲೇ ಬೆಂಕಿ ಏರುತ್ತಿತ್ತು.

ಆಪಾ ಮೆಟ್ಟಿಲಿಳಿಯುತ್ತ ನನ್ನ ತೋಳು ಹಿಡಿದು ನಿಲ್ಲಿಸಿದರು. "ನಮ್ಮ ಕನಸಿನಾಗ ಭೋಂಗಾ ಇಲ್ಲ" ಎಂದರು. ನನಗೆ ಅರ್ಥವಾಗಲಿಲ್ಲ, ಅವರೇ ಬಿಡಿಸಿ ಹೇಳಿದರು. ಭೋಂಗಾ ಕೂಗುವ ಗಳಿಗೆಗೇ ಕಂಪ್ಯೂಟರ್ ಪಾಳಿಯ ಉದ್ದನೆಯ ವರದಿ ಬರೆಯಲು ಶುರುಮಾಡುತ್ತದೆ. ಕನಸಿನ ಭಟ್ಟಿಯಲ್ಲಿ ವರದಿ ಬರೆಯುವುದೂ ಇತ್ತು, ಗುಂಡಿ ಒತ್ತುವುದೂ ಇತ್ತು, ಆದರೆ ಎರಡೂ ಒಂದೇ ಉಸಿರಿನಲ್ಲಿ ಎಂದೂ ಆಗಿರಲಿಲ್ಲ. ಅಲ್ಲಿ ಬೆಂಕಿ ತಣ್ಣಗೆ ಮಾಡಿ ಕೊಡುವ ಮನುಷ್ಯ ಇರಲಿಲ್ಲ.

ಆ ಮಧ್ಯಾಹ್ನವೇ ಅವರು ಕನಸಿನೊಳಗೆ ಒಂದು ಭೋಂಗಾ ಇಟ್ಟರು. ಭೋಂಗಾ ಆದ ಕೂಡಲೇ ಗುಂಡಿ ಒತ್ತುವ ಒಬ್ಬ ಬರ್ನರನನ್ನೂ ಇಟ್ಟು, ಅವನಿಗೆ ಮಾಣಿಕಪ್ಪ ಎಂದೇ ಹೆಸರು ಕೊಟ್ಟರು. ಗುಂಡಿ ಯಂತ್ರಕ್ಕೆ ಮುಟ್ಟಿದರೆ ಪ್ರಿಂಟರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಒಂದೇ ಮಾತು ಹೊಡೆಯಬೇಕು: ಕೇಳಿಸಿತು. ಆಗ ಭಟ್ಟಿ ನಡೆಸುತ್ತಿದ್ದ ತಾಂಡೂರು ಆವೃತ್ತಿಯ ಟೇಪು ಹಾಕಿದರು. ಭೋಂಗಾ ಆಯಿತು, ಕನಸಿನ ಮಾಣಿಕಪ್ಪ ಒತ್ತಿದ, ಪ್ರಿಂಟರು ಪಾಳಿಯ ವರದಿಯನ್ನು ಚಂದಾಗಿ ಬರೆದು ಮುಗಿಸಿತು. ಆ ಒಂದು ಮಾತು ಬರಲಿಲ್ಲ. ಮತ್ತೆ ಓಡಿಸಿದರು. ಬರಲಿಲ್ಲ. ಮ್ಯಾನೇಜರ ಜೊತೆ ನಾನೂ ನಕ್ಕದ್ದು ನೆನಪಾಯಿತು.

"ವಾಡಿಯಾಗ ಸರಿ ಇತ್ತು, ತಾಂಡೂರದಾಗ ಕೆಟ್ಟದ. ನಡುವ ಇಳೀಣು" ಎಂದು ಮಳಖೇಡದ ಟೇಪು ಹಾಕಿದರು. ಕೇಳಿಸಿತು. ಹಾಗಾದರೆ ಅಲ್ಲಿಂದ ಮುಂದೆ. ಸೇಡಂ ಹಾಕಿದರು. ಕೇಳಿಸಲಿಲ್ಲ.

"ನಿಮ್ಮ ಊರಾಗೇ ಕೆಟ್ಟದ ನೋಡ್ರಿ" ಎಂದು ನನ್ನ ಕಡೆ ನೋಡಿ ನಕ್ಕರು. ನಾನು ಸೇಡಂನವನು. ನಗು ಅಲ್ಲಿಗೇ ನಿಂತಿತು. ಸೇಡಂ ಆವೃತ್ತಿಯಲ್ಲಿ ತಾವು ಮಾಡಿದ ತಿದ್ದುಪಡಿಗಳನ್ನು ಅರ್ಧ ಅರ್ಧ ತೆಗೆದು ನೋಡುತ್ತ ಹೋಗಿ, ಕೊನೆಗೆ ಒಂದರ ಮುಂದೆ ಬಂದು ನಿಂತರು.

ಅದು ಅವರಿಗೆ ಬಹಳ ಪ್ರೀತಿಯ ತಿದ್ದುಪಡಿ. ವರದಿಯ ಸಾಲುಗಳಲ್ಲಿ ನಡುನಡುವೆ ಅಕ್ಷರ ಬಿಟ್ಟುಹೋಗುತ್ತವೆ ಎಂದು ಆಫೀಸಿನವರು ಗೋಳಿಡುತ್ತಿದ್ದರು. ಒಂದು ಸಾಲು ಬರೆದು ಮುಗಿಯುವ ತನಕ ಬೇರೆ ಯಾರ ಮಾತನ್ನೂ ಕೇಳಬೇಡ ಎಂದು ಆಪಾ ತಿರುಳಿಗೆ ಹೇಳಿಕೊಟ್ಟಿದ್ದರು. ವರದಿ ಮುತ್ತು ಪೋಣಿಸಿದಂತೆ ಬರತೊಡಗಿತು. ಆಫೀಸಿನವರು ಅದನ್ನು ಗೋಡೆಗೆ ಅಂಟಿಸಿಕೊಂಡು ಮೆಚ್ಚಿದ್ದರು. ಆ ಸಾಲು ಬರೆಯುವ ಹೊತ್ತಿನಲ್ಲಿ ಯಾರಾದರೂ ಬಾಗಿಲು ಬಡಿದು ಹೊರಟುಹೋದರೆ, ಬಡಿದದ್ದೇ ಇಲ್ಲ ಎಂಬಂತಾಗುತ್ತಿತ್ತು.

"ಹೊಳಪು ಬಂತು. ಕಲ್ಲು ನಾ ನೋಡಲಿಲ್ಲ" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಇದನ್ನು ಮುಚ್ಚಿಡಬಹುದಿತ್ತು. ಸದ್ದಿಲ್ಲದೆ ಸರಿಮಾಡಿದ್ದರೆ ಭಟ್ಟಿಯೂ ಸರಿಹೋಗುತ್ತಿತ್ತು, ಅವರ ಹೆಸರೂ ಉಳಿಯುತ್ತಿತ್ತು. ಹಾಗೆ ನಾನು ಹೇಳಿಯೂ ಹೇಳಿದೆ. "ಕಾಕಾ ಚೀಲ ಹೊಲಿಬೇಕೇನ್ರಿ ಹಂಗಾದ್ರ?" ಎಂದು ಎದ್ದು ಹೋದರು. ಮ್ಯಾನೇಜರ ಕೋಣೆಗೆ ಮಾಣಿಕಪ್ಪನನ್ನೂ ಕರೆಸಿ, ಅವನ ಎದುರಿಗೇ ಹೇಳಿದರು.

"ಇವರು ಒತ್ತಿದ್ದು ಖರೇ. ಕೇಳದಂಗ ಮಾಡಿದಾಕಿ ನಾನು."

ಮ್ಯಾನೇಜರು ವರದಿಯ ಹಾಳೆಯನ್ನು ಮಡಚಿಟ್ಟರು. ಯಂತ್ರವನ್ನು ಬೈಯುವುದೇ ಆಪಾ ಅವರನ್ನು ಬೈಯುವುದೇ ಎಂದು ತಡವರಿಸಿ, ಸರಿ ಹಾಗಾದರೆ, ಇದನ್ನು ಹೇಗೆ ತಿದ್ದುತ್ತೀರಿ ಎಂದರು. ತಿದ್ದುವುದಿಲ್ಲ, ಮೊದಲು ತೆಗೆಯುತ್ತೇನೆ ಎಂದರು ಆಪಾ. "ಮೊದಲು ಹಿಂದಿನ ಸ್ಟೇಷನ್‌ಗೆ ವಾಪಸ್. ಶಾಣ್ಯಾತನ ಆಮ್ಯಾಲ ಮಾಡೋಣ್ರಿ. ವರದಿಯಾಗ ಅಕ್ಷರ ಬಿಟ್ರ ಯಾರ ಮೈಯೂ ಸುಡಂಗಿಲ್ಲ." ವರದಿಯಲ್ಲಿ ಮತ್ತೆ ಅಕ್ಷರಗಳು ಬಿಟ್ಟುಹೋದವು. ಆಫೀಸಿನವರು ಮೂತಿ ಉಬ್ಬಿಸಿಕೊಂಡೇ ಒಂದು ಮಳೆಗಾಲ ಕಳೆದರು. ಭಟ್ಟಿ ಮಾತ್ರ ಸುಮ್ಮನೆ ಉರಿಯಿತು. ಮಾಣಿಕಪ್ಪ ತನ್ನ ನೀಲಿ ಗಾಜಿನ ಹಿಂದೆಯೇ ಉಳಿದ.

ಅಷ್ಟು ವರ್ಷ ತಂಪು ಕೋಣೆಯ ಹತ್ತಿರ ಸುಳಿಯದಿದ್ದ ಅವನು ಒಂದು ದಿನ ಉಡಿಯಲ್ಲಿ ಬಾರೆಹಣ್ಣು ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಆಪಾ, ನನ್ನ ಕನಸಿನಾಗ ಕೆಲಸಕ್ಕ ಇಟ್ಟೀರಂತ ಖರೇ ಏನು?"

"ಹೌದ್ರಿ ಕಾಕಾ. ಒಳಗ ಬರ್ರಿ."

"ಅಲ್ಲಿ ರಜಾ ಗಿಜಾ ಕೊಡ್ತೀರೇನು?"

"ಅಲ್ಲಿ ರಜಾ ಇಲ್ಲ ಕಾಕಾ. ಯಾವಾಗ ಭೋಂಗಾ ಆಗ್ತದ, ಆವಾಗ ಒತ್ತಬೇಕು."

"ಅವ ಪಾಪ" ಎಂದ ಮಾಣಿಕಪ್ಪ, ಅಲಮಾರಿಯನ್ನು ಕನಿಕರದಿಂದ ನೋಡುತ್ತ.

ಆಮೇಲೆ ಬಂದ ಪ್ರತಿ ತಿರುಳೂ ಆ ಕನಸಿನ ಭೋಂಗಾ ದಾಟಿಯೇ ಭಟ್ಟಿಗೆ ಹೋಗಬೇಕಾಯಿತು. ಕೇಳಿಸಿತು ಎಂಬ ಮಾತು ಪ್ರಿಂಟರಿನಲ್ಲಿ ಬರದಿದ್ದರೆ ಹೊಸ ತಿರುಳು ಎಷ್ಟೇ ಚುರುಕಾಗಿರಲಿ, ಆಪಾ ಅದನ್ನು ಕೆಳಗಿಳಿಸುತ್ತಿದ್ದರು. ನಿಲ್ದಾಣಗಳ ಹೆಸರು ಮುಗಿದು, ಹಳ್ಳಿಗಳ ಹೆಸರು ಶುರುವಾಗಿ, ಕೊಡ್ಲಿಯ ತನಕ ಬಂತು. ರೈಲು ಹೋಗದ ಊರಿಗೂ ನೀವು ಹೋಗಿಬಿಟ್ಟಿರಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಆಮೇಲೆ ಅವರ ಕಣ್ಣು ಮಂದವಾಯಿತು. ಕೆಲಸ ಬಿಟ್ಟು ಚಿತ್ತಾಪುರಕ್ಕೆ ಹೋದರು. ಮಾಣಿಕಪ್ಪ ನಿವೃತ್ತನಾದ ಮರುವರ್ಷ ಗುಂಡಗುರ್ತಿಯಲ್ಲಿ ತೀರಿಕೊಂಡ.

ಎಂಬತ್ತರ ದಶಕ ಮುಗಿಯುವ ಮುಂಚೆ ಹೊಸ ಯಂತ್ರ ಬಂದು, ಆ ಎರಡು ಅಲಮಾರಿಗಳನ್ನು ತೆಗೆಯುವುದೆಂದಾಯಿತು. ನಾನು ಚಿತ್ತಾಪುರಕ್ಕೆ ಹೇಳಿಕಳಿಸಿದೆ. ಆಪಾ ಮಧ್ಯಾಹ್ನದ ಗಾಡಿಗೆ ಬಂದರು. ಮೊದಲನೆಯ ಅಲಮಾರಿಯನ್ನು ಅದಾಗಲೇ ಬಿಚ್ಚಿದ್ದರು. ಎರಡನೆಯದನ್ನು ಆರಿಸುವ ಮೊದಲು ಒಮ್ಮೆ ಕನಸು ಓಡಿಸಿ ಎಂದರು ಆಪಾ. ಟೇಪು ಹಾಕಿದೆ. ಅವರು ಹಳೆಯ ಕುರ್ಚಿಯಲ್ಲಿ ಕಾಲು ಮಡಚಿ, ಕಣ್ಣು ಮುಚ್ಚಿ ಕುಳಿತರು. ಹೊರಗೆ ಧೂಳು, ಬಿಸಿಲು, ಎಲ್ಲೋ ಒಂದು ಗಾಡಿ. ಒಳಗೆ ಆ ಗುಂಯ್ ದನಿ.

ಪ್ರಿಂಟರು ಪಾಳಿಯ ವರದಿ ಶುರುಮಾಡಿತು. ನಡುವೆ ಒಂದು ಕ್ಷಣ ತಡೆದು, ಬೇರೆಯ ಸಾಲಿನಲ್ಲಿ ಒಂದೇ ಮಾತು ಹೊಡೆಯಿತು.

"ಬಂತೇನ್ರಿ?" ಎಂದು ಕೇಳಿದರು ಆಪಾ. ಅವರಿಗೆ ಅಷ್ಟು ಸಣ್ಣ ಅಕ್ಷರ ಕಾಣುತ್ತಿರಲಿಲ್ಲ.

"ಬಂತ್ರಿ. ಕೇಳಿಸಿತು ಅಂತ."

ಅವರು ದುಪಟ್ಟಾದ ತುದಿಯನ್ನು ಬೆರಳಿನಿಂದ ಬಿಚ್ಚಿದರು. "ಕಾಕಾ ತಣ್ಣಗ ಮಾಡಿ ಕೊಟ್ರು" ಎಂದರು. "ಈಗ ಬಂದ್ ಮಾಡ್ರಿ."

ನಾನು ಸ್ವಿಚ್ಚು ಇಳಿಸಿದೆ.